ಮಿಂಗ್ ವಂಶದ ಮೂಲಪುರುಷನಾದ ಹೊಂಗ್‌ವೂ ಚಕ್ರವರ್ತಿ

ರಾಜವಂಶಗಳನ್ನು ಸ್ಥಾಪಿಸಿದ ಪುರುಷರ ಚರಿತ್ರೆಗಳನ್ನು ಪರಿಶೀಲಿಸಿದರೆ, ಅವರಲ್ಲಿ ಬಹುಮಂದಿ ಮೊದಲಿಗೆ ಸಾಮಂತರೋ ದಂಡನಾಯಕರೋ ಅಮಾತ್ಯರೋ ಆಗಿದ್ದು, ಕಾಲದ ಆನುಕೂಲ್ಯವನ್ನು ನೋಡಿ ಸಿಂಹಾಸನವನ್ನೇರಿದವರೆಂದು ಕಂಡುಬರುತ್ತದೆ. ಹುಟ್ಟಿದ ಮನೆಯಲ್ಲಿ ಎರಡು ಹೊತ್ತಿನ ಕೂಳಿಗೂ ಗತಿಯಿಲ್ಲದೆ, ತಂದೆತಾಯಿಗಳ ಶವಗಳನ್ನು ಹೂಳುವುದಕ್ಕೆ ಸ್ವಂತವಾದ ನೆಲವಿಲ್ಲದೆ, ಭಿಕ್ಷಾಪಾತ್ರೆಯನ್ನು ಹಿಡಿದು ಊರೂರು ಅಲೆದ ಅನಾಥನೊಬ್ಬನು ಭೂಮಂಡಲದ ಅತಿವಿಶಾಲವಾದ ರಾಜ್ಯಗಳಲ್ಲೊಂದಕ್ಕೆ ಚಕ್ರವರ್ತಿಯಾದನೆಂದರೆ, ಅದು ಅಜ್ಜಿಯ ಕಥೆಯೆಂದು ತೋರಬಹುದು. ಆದರೆ ಚೀನಾದೇಶದ ಮಿಂಗ್ ವಂಶದ ಮೂಲಪುರುಷನಾದ ಜು ಯುವಾನ್‌ಜಾಂಗನ ವಿಷಯದಲ್ಲಿ ಇದು ನಡೆದ ಸಂಗತಿ. ಹಾಗೆಂದು ಅವನ ಚರಿತ್ರೆಯು ಕೇವಲ ಭಾಗ್ಯೋದಯದ ಕಥೆಯೂ ಅಲ್ಲ. ಹಸಿವನ್ನು ಕಂಡಿದ್ದ ಅವನು ಒಕ್ಕಲುಮಕ್ಕಳಿಗೆ ಹಿತವಾಗುವಂತೆ ರಾಜ್ಯವನ್ನು ಕಟ್ಟಿದನು. ಮನುಷ್ಯರಲ್ಲಿ ನಂಬಿಕೆಯನ್ನು ಕಳೆದುಕೊಂಡು, ಆ ರಾಜ್ಯಕ್ಕೆ ಊರೆಗೋಲಾಗಿದ್ದವರನ್ನು ತನ್ನ ಕೈಯಿಂದಲೇ ನಾಶಮಾಡಿದನು. ಈ ಎರಡು ಕಾರ್ಯಗಳೂ ಒಂದೇ ಮನಸ್ಸಿನಿಂದ ಹೇಗೆ ಹೊರಟವೆಂಬುದನ್ನು ವಿಚಾರಮಾಡುವುದು ವಾಚಕರಿಗೆ ನಿಷ್ಪ್ರಯೋಜಕವಾಗಲಾರದು.

ಕ್ರಿಸ್ತಶಕ 13ನೆಯ ಶತಮಾನದಲ್ಲಿ ಮಂಗೋಲರು ಉತ್ತರದಿಂದಿಳಿದು ಚೀನಾದೇಶವನ್ನು ಆಕ್ರಮಿಸಿದರು. ಕುಬ್ಲಾಯಿ ಖಾನನು 1271ರಲ್ಲಿ ತನ್ನ ವಂಶಕ್ಕೆ ಯುವಾನ್ ಎಂದು ಹೆಸರಿಟ್ಟು, 1279ರಲ್ಲಿ ದಕ್ಷಿಣದ ಸೊಂಗ್ ವಂಶವನ್ನು ನಿರ್ಮೂಲಮಾಡಿ ದೇಶಕ್ಕೆಲ್ಲ ಒಡೆಯನಾದನು. ಅವನ ತರುವಾಯ ಬಂದ ಅರಸರಲ್ಲಿ ಅಂತಹ ಸಾಮರ್ಥ್ಯವಿರಲಿಲ್ಲ. ಸಿಂಹಾಸನಕ್ಕಾಗಿ ಒಳಜಗಳಗಳು ಹೆಚ್ಚಿದವು. ಸರಕಾರವು ಅಚ್ಚುಹಾಕಿಸುತ್ತಿದ್ದ ಕಾಗದದ ಹಣವು ಬೆಲೆಗೆಟ್ಟಿತು. ಪ್ರಾಂತಗಳಲ್ಲಿ ಅಧಿಕಾರಿಗಳು ಪ್ರಜೆಗಳನ್ನು ಸುಲಿಯತೊಡಗಿದರು. ಮನುಷ್ಯರ ದೋಷಗಳು ಸಾಲದೆಂಬಂತೆ ಪ್ರಕೃತಿಯೂ ಮುನಿಯಿತು. 1344ರಲ್ಲಿ ಹಳದಿನದಿಯು ದಂಡೆಗಳನ್ನೊಡೆದುಕೊಂಡು ಹರಿದು ಅಸಂಖ್ಯಾತ ಗ್ರಾಮಗಳನ್ನು ಮುಳುಗಿಸಿತು.

ಆ ನದಿಗೆ ದಕ್ಷಿಣದಲ್ಲಿರುವ ಹುವಾಯ್ ನದಿಯ ಬಯಲಿನಲ್ಲಿ, ಈಗ ಫೆಂಗ್‌ಯಾಂಗ್ ಎಂದು ಹೆಸರಾಗಿರುವ ಸೀಮೆಯಲ್ಲಿ, 1328ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಯುವಾನ್‌ಜಾಂಗನು ಹುಟ್ಟಿದನು. ಅವನ ತಂದೆಯು ಪರರ ಹೊಲವನ್ನು ಗೇಣಿಗೆ ಮಾಡುತ್ತ, ಸಾಲಕ್ಕಂಜಿ ಊರಿಂದೂರಿಗೆ ಬಿಡಾರವನ್ನು ಕೀಳುತ್ತಿದ್ದ ಬಡ ಒಕ್ಕಲಿಗನು. ತಾಯಿಯ ತಂದೆಯು ಸೊಂಗ್ ಅರಸರ ಸೈನ್ಯದಲ್ಲಿದ್ದು ಮಂಗೋಲರೊಡನೆ ನಡೆದ ಕಡೆಯ ಸಮುದ್ರಯುದ್ಧದಲ್ಲಿ ಕಾದಿದವನು. ಆ ಮುದುಕನ ಬಾಯಿಂದ ಬಂದ ಯುದ್ಧಕಥೆಗಳು ಆ ಮನೆಗಿದ್ದ ಒಂದೇ ಒಂದು ಐಶ್ವರ್ಯ. ನಾಲ್ವರು ಗಂಡುಮಕ್ಕಳಲ್ಲಿ ಕಿರಿಯವನಾದ ಯುವಾನ್‌ಜಾಂಗನು ಬಾಲ್ಯದಲ್ಲಿ ಅನ್ಯರ ದನಗಳನ್ನು ಕಾಯುತ್ತಿದ್ದನು.

1344ರಲ್ಲಿ ಆ ಸೀಮೆಗೆ ಮೊದಲು ಅನಾವೃಷ್ಟಿಯೂ, ಅದರ ಹಿಂದೆಯೇ ಮಿಡಿತೆಗಳ ಹಾವಳಿಯೂ, ಅದರ ಹಿಂದೆ ಸಾಂಕ್ರಾಮಿಕರೋಗವೂ ಬಂದವು. ಕೆಲವು ವಾರಗಳೊಳಗಾಗಿ ತಂದೆ, ತಾಯಿ, ಹಿರಿಯಣ್ಣ, ಮೂವರೂ ತೀರಿಹೋದರು. ಗೇಣಿಯ ಒಡೆಯನು ಶವಗಳನ್ನು ಹೂಳುವುದಕ್ಕೆ ನೆಲವನ್ನು ಕೊಡಲಿಲ್ಲ. ನೆರೆಯವನೊಬ್ಬನು ಕನಿಕರಿಸಿ ಸ್ವಲ್ಪ ಜಾಗವನ್ನು ಕೊಟ್ಟನು. ಪೆಟ್ಟಿಗೆಯೂ ಇಲ್ಲದೆ, ಹೊಸಬಟ್ಟೆಯೂ ಇಲ್ಲದೆ, ಹರಕು ಬಟ್ಟೆಗಳಲ್ಲಿಯೇ ಸುತ್ತಿ, ಅಣ್ಣತಮ್ಮಂದಿರಿಬ್ಬರು ಹೆತ್ತವರನ್ನು ಮಣ್ಣುಮಾಡಿದರು. ಪಿತೃಗಳ ಸಮಾಧಿಯನ್ನು ಪರಮಪವಿತ್ರವೆಂದು ಭಾವಿಸುವ ಚೀನೀಯರಿಗೆ ಇದಕ್ಕಿಂತಲೂ ಹೆಚ್ಚಿನ ದುಃಖವೂ ಇದಕ್ಕಿಂತಲೂ ಹೆಚ್ಚಿನ ಅವಮಾನವೂ ಇರಲಾರದು. ನೆಲವಿದ್ದವನು ಕೊಡದೆಹೋದದ್ದನ್ನಾಗಲಿ, ನೆರೆಯವನು ಕೊಟ್ಟದ್ದನ್ನಾಗಲಿ ಅವನು ಸಾಯುವವರೆಗೂ ಮರೆಯಲಿಲ್ಲ.

ಹದಿನಾರನೆಯ ವಯಸ್ಸಿನ ಆ ಹುಡುಗನು ಹೊಟ್ಟೆಯ ಪಾಡಿಗಾಗಿ ಸಮೀಪದ ಬೌದ್ಧವಿಹಾರವೊಂದನ್ನು ಸೇರಿ, ಕಸಗುಡಿಸುವ, ದೀಪಹಚ್ಚುವ ಕೆಲಸಕ್ಕೆ ನಿಂತನು. ಎರಡು ತಿಂಗಳು ತುಂಬುವುದರೊಳಗಾಗಿ ವಿಹಾರದ ಕಣಜವೂ ಬರಿದಾಯಿತು. ಭಿಕ್ಷುಗಳೆಲ್ಲ ಚದುರಿದರು. ಯುವಾನ್‌ಜಾಂಗನು ಭಿಕ್ಷಾಪಾತ್ರೆಯೊಡನೆ ಹೊರಟು ಸುಮಾರು ಮೂರು ವರ್ಷಗಳ ಕಾಲ ಹುವಾಯ್ ನದಿಯ ಪ್ರದೇಶದಲ್ಲಿ ಅಲೆದನು. ಯಾವ ಊರಿನ ಕೆರೆ ಬತ್ತಿದೆ, ಯಾವ ಸೀಮೆಯ ಅಧಿಕಾರಿ ಲಂಚಗುಳಿ, ಹಸಿದವರ ಕಣ್ಣಿನಲ್ಲಿ ಯಾವಾಗ ದೈನ್ಯವು ಅಳಿದು ಕ್ರೋಧವು ಹುಟ್ಟುತ್ತದೆ ಎಂಬುದನ್ನೆಲ್ಲ ಅವನು ಕಂಡದ್ದು ಈ ಅಲೆದಾಟದಲ್ಲಿ. ಆಮೇಲೆ ವಿಹಾರಕ್ಕೆ ಹಿಂದಿರುಗಿ ಕೆಲವು ವರ್ಷಗಳಿದ್ದು ಅಕ್ಷರಗಳನ್ನು ಕಲಿತನು. ಬೇರೆ ರಾಜಪುತ್ರರಿಗೆ ಗುರುಕುಲದಲ್ಲಿ ಆಗುವ ಶಿಕ್ಷಣವು ಇವನಿಗೆ ಬೀದಿಯಲ್ಲಿ ಆಯಿತು.

1351ರಲ್ಲಿ ಯುವಾನ್ ಸರಕಾರವು ಹಳದಿನದಿಯನ್ನು ತಿದ್ದಿ ಹರಿಯಿಸುವುದಕ್ಕಾಗಿ ಸುಮಾರು 1,50,000 ಮಂದಿ ಪ್ರಜೆಗಳನ್ನು ಬಿಟ್ಟಿಕೆಲಸಕ್ಕೆ ಹಿಡಿಯಿಸಿತು. ಹಸಿದ ಜನರನ್ನು ಒಂದೆಡೆಯಲ್ಲಿ ಕೂಡಿಸಿದ್ದೇ ದಂಗೆಗೆ ಕಾರಣವಾಯಿತು. ಮೈತ್ರೇಯ ಬುದ್ಧನು ಅವತರಿಸಿ ಲೋಕವನ್ನು ಉದ್ಧರಿಸುವನೆಂದು ನಂಬಿದ್ದ ಒಂದು ಪಂಥದವರು ತಲೆಗೆ ಕೆಂಪುಬಟ್ಟೆಯನ್ನು ಸುತ್ತಿಕೊಂಡು ಎದ್ದರು. ದಂಗೆಯು ಕಾಳ್ಗಿಚ್ಚಿನಂತೆ ಹಬ್ಬಿತು. ಸರಕಾರದ ಪಡೆಗಳು ಯುವಾನ್‌ಜಾಂಗನಿದ್ದ ವಿಹಾರವನ್ನು ಸುಟ್ಟವು. ನಿಲ್ಲಲು ನೆಲೆಯಿಲ್ಲದ ಅವನು 1352ರಲ್ಲಿ ಹಾವೋಜೌ ಪಟ್ಟಣವನ್ನು ಹಿಡಿದಿದ್ದ ಗುವೊ ಜಿಶಿಂಗನೆಂಬ ದಂಗೆಯ ನಾಯಕನ ಬಳಿ ಕಾಲಾಳಾಗಿ ಸೇರಿದನು.

ಅವನ ಧೈರ್ಯವನ್ನೂ ಬುದ್ಧಿಯನ್ನೂ ಕಂಡು ಗುವೊ ಜಿಶಿಂಗನು ತನ್ನ ಸಾಕುಮಗಳಾದ ಮಾ ಎಂಬ ಕನ್ಯೆಯನ್ನು ಅವನಿಗೆ ವಿವಾಹಮಾಡಿಕೊಟ್ಟನು. ಆದರೆ ನಾಯಕನದು ಸಂಶಯದ ಸ್ವಭಾವ. ಚಾಡಿಮಾತುಗಳನ್ನು ಕೇಳಿ ಅವನು ಅಳಿಯನನ್ನು ಸೆರೆಯಲ್ಲಿರಿಸಿ ಅನ್ನವನ್ನು ತಡೆದಾಗ, ಮಾ ದೇವಿಯು ಅಡುಗೆಮನೆಯಿಂದ ಬಿಸಿರೊಟ್ಟಿಯನ್ನು ಎದೆಯಲ್ಲಿ ಮರೆಮಾಡಿಕೊಂಡು ಒಯ್ದು ಗಂಡನಿಗೆ ಕೊಟ್ಟಳೆಂದೂ, ಅದರಿಂದ ಅವಳ ಎದೆ ಬೆಂದಿತೆಂದೂ ಕಥೆಯುಂಟು. ಒಡೆಯನ ಸಂಶಯಕ್ಕೆ ಸಿಕ್ಕಿದ ಸೇವಕನ ಸಂಕಟವೇನೆಂಬುದು ಹೀಗೆ ಯುವಾನ್‌ಜಾಂಗನಿಗೆ ಸ್ವಾನುಭವದಿಂದಲೇ ತಿಳಿದಿತ್ತು. ಮುಂದಿನ ಚರಿತ್ರೆಯನ್ನು ಓದುವವರು ಈ ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು.

1355ರಲ್ಲಿ ಗುವೊ ಜಿಶಿಂಗನು ತೀರಿಕೊಂಡನು. ಅದೇ ವರ್ಷ ಯುವಾನ್‌ಜಾಂಗನು ತನ್ನ ಪಡೆಯೊಡನೆ ಯಾಂಗ್‌ತ್ಸೆ ಮಹಾನದಿಯನ್ನು ದಾಟಿ, 1356ರಲ್ಲಿ ಈಗ ನಾನ್‌ಜಿಂಗ್ ಎನ್ನಿಸಿಕೊಳ್ಳುವ ನಗರವನ್ನು ಹಿಡಿದನು. ಇತರ ದಂಗೆಕಾರರು ಊರುಗಳನ್ನು ಕೊಳ್ಳೆಹೊಡೆದು ಮುಂದಕ್ಕೆ ಹೋಗುತ್ತಿದ್ದರು. ಇವನು ಕೊಳ್ಳೆಯನ್ನು ನಿಷೇಧಿಸಿ, ಹಿಡಿದ ಸೀಮೆಯಲ್ಲಿ ಬೇಸಾಯವನ್ನು ಮಾಡಿಸಿದನು. ಶೂ ದಾ, ಚಾಂಗ್ ಯೂಚುನ್, ಒಂದೇ ಊರಿನ ಬಾಲ್ಯಸ್ನೇಹಿತನಾದ ತಾಂಗ್ ಹೇ ಮೊದಲಾದ ವೀರರೂ, ಲೀ ಶಾನ್‌ಚಾಂಗ್, ಲ್ಯೂ ಜೀ, ಸೊಂಗ್ ಲಿಯೆನ್ ಮೊದಲಾದ ವಿದ್ವಾಂಸರೂ ಅವನ ಸುತ್ತಲೂ ನೆರೆದರು. ಗೋಡೆಗಳನ್ನು ಎತ್ತರಿಸು, ಧಾನ್ಯವನ್ನು ಕೂಡಿಡು, ಅರಸನೆಂಬ ಬಿರುದಿಗೆ ಅವಸರಪಡಬೇಡ ಎಂಬುದಾಗಿ ಜು ಶೆಂಗನೆಂಬ ಪಂಡಿತನು ಹೇಳಿದ ನೀತಿಯನ್ನು ಅವನು ಅಕ್ಷರಶಃ ಅನುಸರಿಸಿದನು. ಓದು ಬಾರದೆ ಬೆಳೆದವನು ಓದಿದವರ ಮಾತನ್ನು ಕೇಳಿದ್ದು ಅವನ ಏಳಿಗೆಯ ಮುಖ್ಯ ಕಾರಣಗಳಲ್ಲೊಂದು.

ಅವನಿಗಿದ್ದ ಪ್ರಬಲ ಪ್ರತಿಸ್ಪರ್ಧಿಗಳು ಇಬ್ಬರು. ನದಿಯ ಮೇಲ್ಭಾಗದಲ್ಲಿ ಚೆನ್ ಯೂಲಿಯಾಂಗನೂ, ಕೆಳಭಾಗದ ಸೂಜೌ ನಗರದಲ್ಲಿ ಜಾಂಗ್ ಶೀಚೆಂಗನೂ ಸ್ವತಂತ್ರರಾಗಿ ಆಳುತ್ತಿದ್ದರು. 1363ರಲ್ಲಿ ಪೊಯಾಂಗ್ ಸರೋವರದಲ್ಲಿ ಯುವಾನ್‌ಜಾಂಗನಿಗೂ ಚೆನ್ ಯೂಲಿಯಾಂಗನಿಗೂ ಘೋರವಾದ ನೌಕಾಯುದ್ಧವು ನಡೆಯಿತು. ಚೆನ್ ಯೂಲಿಯಾಂಗನ ಹಡಗುಗಳು ಕೋಟೆಗಳಂತೆ ಎತ್ತರವಾದವು. ಯುವಾನ್‌ಜಾಂಗನ ದೋಣಿಗಳು ಚಿಕ್ಕವು. ಅವನು ಹುಲ್ಲನ್ನೂ ಮದ್ದನ್ನೂ ತುಂಬಿದ ದೋಣಿಗಳಿಗೆ ಬೆಂಕಿಯಿಡಿಸಿ, ಗಾಳಿ ಅನುಕೂಲವಾದ ಸಮಯದಲ್ಲಿ ಶತ್ರುವಿನ ಹಡಗುಗಳ ಕಡೆಗೆ ಬಿಡಿಸಿದನು. ಒತ್ತಾಗಿ ನಿಂತಿದ್ದ ಹಡಗುಗಳು ಉರಿದುಹೋದವು. ಕೆಲವು ವಾರಗಳ ಮೇಲೆ ಚೆನ್ ಯೂಲಿಯಾಂಗನು ಬಾಣದೇಟಿನಿಂದ ಮಡಿದನು. ಸೂಜೌ ನಗರವು ಹತ್ತು ತಿಂಗಳ ಮುತ್ತಿಗೆಯಾದ ಮೇಲೆ 1367ರಲ್ಲಿ ಕೈಸೇರಿತು. 1368ನೆಯ ಇಸವಿಯ ಜನವರಿ 23ರಲ್ಲಿ ಯುವಾನ್‌ಜಾಂಗನು ನಾನ್‌ಜಿಂಗಿನಲ್ಲಿ ಸಿಂಹಾಸನವನ್ನೇರಿ, ವಂಶಕ್ಕೆ ಪ್ರಕಾಶವೆಂಬ ಅರ್ಥದ ಮಿಂಗ್ ಎಂಬ ಹೆಸರನ್ನೂ, ತನ್ನ ಆಳಿಕೆಗೆ ಮಹಾಶೌರ್ಯವೆಂಬ ಅರ್ಥದ ಹೊಂಗ್‌ವೂ ಎಂಬ ಹೆಸರನ್ನೂ ಇಟ್ಟನು. ಅದೇ ವರ್ಷ ಶೂ ದಾ ಸೇನಾನಿಯು ಈಗಿನ ಬೀಜಿಂಗ್ ನಗರವನ್ನು ಹಿಡಿಯಲು, ಮಂಗೋಲ ಚಕ್ರವರ್ತಿಯು ಉತ್ತರದ ಹುಲ್ಲುಗಾವಲುಗಳಿಗೆ ಓಡಿಹೋದನು.

ಕನ್ನಡಿಗರಿಗೆ ಈ ಕಾಲವು ಅಪರಿಚಿತವಾದದ್ದಲ್ಲ. 1336ರಲ್ಲಿ ವಿಜಯನಗರದ ಸ್ಥಾಪನೆಯಾದಾಗ ಯುವಾನ್‌ಜಾಂಗನು ದನಕಾಯುತ್ತಿದ್ದ ಬಾಲಕ. ಅವನು ಚಕ್ರವರ್ತಿಯಾದಾಗ ತುಂಗಭದ್ರೆಯ ತೀರದಲ್ಲಿ ಬುಕ್ಕರಾಯನು ಆಳುತ್ತಿದ್ದನು. 1374ರಲ್ಲಿ ಬುಕ್ಕರಾಯನು ಚೀನಾ ಚಕ್ರವರ್ತಿಯ ಬಳಿಗೆ ದೂತರನ್ನು ಕಳುಹಿಸಿದನೆಂದು ದಕ್ಷಿಣಭಾರತದ ಚರಿತ್ರಕಾರರು ಬರೆದಿದ್ದಾರೆ. ಆ ಚಕ್ರವರ್ತಿಯು ಈ ಹೊಂಗ್‌ವೂ ಅಲ್ಲದೆ ಬೇರೆಯವನಲ್ಲ.

ಪಟ್ಟಕ್ಕೆ ಬಂದಾಗ ಹೊಂಗ್‌ವೂವಿಗೆ ದೊರೆತದ್ದು ಹದಿನೇಳು ವರ್ಷಗಳ ಯುದ್ಧದಿಂದ ಹಾಳಾದ ದೇಶ. ಹೊಲಗಳು ಬೀಳುಬಿದ್ದಿದ್ದವು, ಕಾಲುವೆಗಳು ಹೂಳಿನಿಂದ ಮುಚ್ಚಿಹೋಗಿದ್ದವು. ಬೀಳುಭೂಮಿಯನ್ನು ಉತ್ತವರಿಗೆ ಕೆಲವು ವರ್ಷಗಳ ಕಂದಾಯವನ್ನು ಮಾಫಿಮಾಡಿದನು. ಜನದಟ್ಟಣೆಯಿದ್ದ ಪ್ರಾಂತಗಳಿಂದ ಒಕ್ಕಲುಗಳನ್ನೆಬ್ಬಿಸಿ, ಬಿತ್ತನೆಯ ಕಾಳನ್ನೂ ಎತ್ತುಗಳನ್ನೂ ಕೊಟ್ಟು, ಪಾಳುಬಿದ್ದ ಸೀಮೆಗಳಲ್ಲಿ ನೆಲೆಗೊಳಿಸಿದನು. ಹೊಲವಿದ್ದ ಪ್ರತಿಯೊಬ್ಬನೂ ಒಂದು ಭಾಗದಲ್ಲಿ ಹಿಪ್ಪುನೇರಳೆ, ಹತ್ತಿ, ಸೆಣಬುಗಳನ್ನು ಬೆಳೆಯಬೇಕೆಂದು ಕಟ್ಟುಮಾಡಿದನು. ಸೈನಿಕರು ಸರದಿಯ ಮೇಲೆ ಉತ್ತು ತಮ್ಮ ಅನ್ನವನ್ನು ತಾವೇ ಬೆಳೆಯುವಂತೆ ಏರ್ಪಡಿಸಿದನು. ಕೆರೆಕಟ್ಟೆಗಳ ವಿಷಯದಲ್ಲಂತೂ ಅವನ ಶ್ರದ್ಧೆಯು ಅಸಾಧಾರಣವಾದದ್ದು. 1395ರ ಲೆಕ್ಕದಂತೆ ದೇಶದಲ್ಲಿ ದುರಸ್ತಿಯಾದ ಕೆರೆಕಟ್ಟೆಗಳ ಸಂಖ್ಯೆ 40,987. ರೈತನ ಮನೆಯವರು ರೇಷ್ಮೆಯನ್ನು ಉಡಬಹುದೆಂದೂ, ವರ್ತಕರ ಮನೆಯವರು ನಯವಾದ ರೇಷ್ಮೆಯನ್ನು ಉಡಕೂಡದೆಂದೂ 1381ರಲ್ಲಿ ಅವನು ಆಜ್ಞೆ ಹೊರಡಿಸಿದ್ದು ಅವನ ಒಲವು ಎತ್ತಲಿತ್ತೆಂಬುದಕ್ಕೆ ಸಾಕ್ಷಿ.

ಅದೇ 1381ರಲ್ಲಿ ದೇಶದ ಮನೆಗಳನ್ನೆಲ್ಲ ಎಣಿಸಿ, ಹಳದಿ ಹೊದಿಕೆಯ ಪುಸ್ತಕಗಳಲ್ಲಿ ಬರೆಯಿಸಲಾಯಿತು. 1,06,54,362 ಮನೆಗಳೂ 5,98,73,305 ಜನರೂ ಇರುವರೆಂದು ಲೆಕ್ಕವಾಯಿತು. 110 ಮನೆಗಳಿಗೆ ಒಂದು ಕಟ್ಟು. ಅವುಗಳಲ್ಲಿ ಸ್ಥಿತಿವಂತರಾದ ಹತ್ತು ಮನೆಯವರು ವರ್ಷಕ್ಕೊಬ್ಬರಂತೆ ಪಟೇಲಿಕೆಯನ್ನು ವಹಿಸಿ, ಕಂದಾಯವನ್ನು ಕೂಡಿಸಿ ಬಿಟ್ಟಿಕೆಲಸವನ್ನು ಹಂಚುವರು. ಈ ಪುಸ್ತಕಗಳನ್ನು ಬೆಂಕಿಯ ಭಯವಿಲ್ಲದಂತೆ ನಾನ್‌ಜಿಂಗಿನ ಸರೋವರದ ದ್ವೀಪದಲ್ಲಿ ಇರಿಸಿದ್ದರು. ಹೊಲಗಳ ಎಲ್ಲೆಗಳನ್ನು ತೋರಿಸುವ ನಕ್ಷೆಗಳೂ ಸಿದ್ಧವಾದವು. ಸಣ್ಣ ಸಣ್ಣ ಹೊಲಗಳ ಗೆರೆಗಳು ಮೀನಿನ ಹುರುಪೆಗಳಂತೆ ಕಾಣುತ್ತಿದ್ದುದರಿಂದ ಅವಕ್ಕೆ ಅದೇ ಹೆಸರಾಯಿತು. ಬಲ್ಲಿದರು ತಮ್ಮ ಹೊಲವನ್ನು ಮರೆಮಾಚಿ ಬಡವರ ಮೇಲೆ ಕಂದಾಯವನ್ನು ಹೇರುವುದನ್ನು ತಡೆಯುವುದೇ ಇದರ ಉದ್ದೇಶ.

ಗ್ರಾಮಗಳಲ್ಲಿ ಶಾಲೆಗಳಿರಬೇಕೆಂದು 1375ರಲ್ಲಿ ಆಜ್ಞೆಯಾಯಿತು. ಹಲವು ಬಾರಿ ತಿದ್ದಲ್ಪಟ್ಟು 1397ರಲ್ಲಿ ಪೂರ್ಣವಾದ ಅವನ ಧರ್ಮಸಂಹಿತೆಯಲ್ಲಿ 460 ವಿಧಿಗಳಿವೆ. ಮುಂದಿನ ಮಂಚು ಅರಸರ ಸಂಹಿತೆಗೂ ಅದೇ ತಳಹದಿಯಾಯಿತು. ಸಣ್ಣ ವ್ಯಾಜ್ಯಗಳನ್ನು ಊರಿನ ಹಿರಿಯರೇ ತೀರಿಸಬೇಕೆಂದು ವಿಧಿಸಿದನು. ಇದಕ್ಕಿಂತಲೂ ಆಶ್ಚರ್ಯಕರವಾದದ್ದು ಮತ್ತೊಂದುಂಟು. 1385ರಿಂದ ಪ್ರಕಟವಾದ ತನ್ನ ಮಹಾಶಾಸನದಲ್ಲಿ, ಪ್ರಜೆಗಳನ್ನು ಪೀಡಿಸುವ ಅಧಿಕಾರಿಗಳನ್ನು ಊರಿನವರೇ ಹಿಡಿದು ಕಟ್ಟಿ ರಾಜಧಾನಿಗೆ ತರಬಹುದೆಂದು ಅವನು ಅಪ್ಪಣೆಕೊಟ್ಟನು. ಚಾಂಗ್‌ಶೂ ಸೀಮೆಯ ಚೆನ್ ಶೌಲಿಯು ಎಂಬ ಸಾಮಾನ್ಯನು ಹಾಗೆಯೇ ಒಬ್ಬ ಗುಮಾಸ್ತನನ್ನು ಹಿಡಿದು ತಂದಾಗ, ಚಕ್ರವರ್ತಿಯು ಅವನಿಗೆ ಹಣವನ್ನೂ ವಸ್ತ್ರವನ್ನೂ ಉಡುಗೊರೆಯಿತ್ತು, ಮೂರು ವರ್ಷಗಳ ಬಿಟ್ಟಿಯನ್ನು ಮಾಫಿಮಾಡಿ, ಅವನಿಗೆ ಯಾರೂ ತೊಂದರೆಕೊಡಕೂಡದೆಂದು ಸಾರಿಸಿದನು. ರಾಜ್ಯವೆಲ್ಲ ಅಧಿಕಾರಿಗಳ ಕೈಯಲ್ಲಿದ್ದ ಆ ಕಾಲದಲ್ಲಿ ಒಬ್ಬ ಹಳ್ಳಿಗನಿಗೆ ಅರಸನಿಂದ ಇಂತಹ ಅಭಯವು ದೊರೆತದ್ದು ಅಪೂರ್ವವೇ ಸರಿ.

ಗುಣಗಳನ್ನು ಹೇಳುವಾಗ ದೋಷಗಳನ್ನು ಮುಚ್ಚುವುದು ಚರಿತ್ರೆಗೆ ಸಲ್ಲದು. ತನ್ನ ಶತ್ರುವಿಗೆ ಆಶ್ರಯವಾಗಿದ್ದ ಸೂಜೌ ಸೀಮೆಯ ಮೇಲೆ ಅವನು ಹೊರಿಸಿದ ಕಂದಾಯವು ವಿಪರೀತವಾದದ್ದು. 1375ರಲ್ಲಿ ಹೊರಡಿಸಿದ ಕಾಗದದ ಹಣವನ್ನು ಬೆಳ್ಳಿಗೆ ಬದಲಿಸಿಕೊಡುವ ಏರ್ಪಾಡಿಲ್ಲದೆ, ಅದು ಅವನ ಕಣ್ಣೆದುರಿಗೇ ಬೆಲೆಗೆಟ್ಟಿತು. ಪ್ರಜೆಗಳು ಸಮುದ್ರವ್ಯಾಪಾರವನ್ನು ಮಾಡಕೂಡದೆಂದು 1371ರಲ್ಲಿ ನಿಷೇಧಿಸಿದ್ದರಿಂದ ಕರಾವಳಿಯವರ ಜೀವನೋಪಾಯವು ಕೆಟ್ಟಿತು. ಹೊಲವನ್ನು ಬಲ್ಲ ಅವನು ಅಂಗಡಿಯನ್ನು ಅರಿಯಲಿಲ್ಲ. ಆದರೆ ಇವೆಲ್ಲ ತಿಳುವಳಿಕೆಯ ಕೊರತೆಗಳು. ಅವನ ರಾಜ್ಯಕ್ಕೆ ಹುಳುವಾಗಿ ಹತ್ತಿದ್ದು ಸಂಶಯ.

ಅಧಿಕಾರಿಗಳೆಂದರೆ ಬಡವರ ಅನ್ನವನ್ನು ಕಸಿಯುವವರೆಂಬ ಭಾವನೆಯು ಅವನಿಗೆ ಬಾಲ್ಯದಲ್ಲಿಯೇ ಮೂಡಿತ್ತು. ಪ್ರಾಂತದ ಲೆಕ್ಕಗಳನ್ನು ರಾಜಧಾನಿಗೆ ಒಪ್ಪಿಸುವಾಗ, ದಾರಿಯಲ್ಲಿ ಧಾನ್ಯವು ನಷ್ಟವಾಗಿ ಅಂಕಿಗಳು ವ್ಯತ್ಯಾಸವಾಗುತ್ತಿದ್ದುದರಿಂದ, ಅಧಿಕಾರಿಗಳು ಮೊಹರುಹಾಕಿದ ಖಾಲಿ ಕಾಗದಗಳನ್ನು ಜತೆಯಲ್ಲಿ ಒಯ್ಯುತ್ತಿದ್ದರು. ಇದು ಹಿಂದಿನಿಂದ ನಡೆದುಬಂದ ರೂಢಿ. 1376ರ ಸುಮಾರಿಗೆ ಇದು ಚಕ್ರವರ್ತಿಯ ಕಿವಿಗೆ ಬೀಳಲು, ಇದು ಮೋಸವೆಂದು ನಿಶ್ಚಯಿಸಿ, ಮೊಹರಿಗೆ ಹೊಣೆಯಾಗಿದ್ದ ಅನೇಕರಿಗೆ ಮರಣದಂಡನೆಯನ್ನು ವಿಧಿಸಿದನು. ಜೆಂಗ್ ಶೀಲೀ ಎಂಬ ವಿದ್ವಾಂಸನು ಈ ರೂಢಿಯ ಕಾರಣವನ್ನೆಲ್ಲ ವಿವರಿಸಿ ಬಿನ್ನವತ್ತಳೆಯನ್ನು ಬರೆದನು. ಅವನಿಗೆ ದೊರೆತ ಉತ್ತರವೆಂದರೆ ಕಠಿಣಶ್ರಮದ ಶಿಕ್ಷೆ.

1380ರಲ್ಲಿ ಪ್ರಧಾನಮಂತ್ರಿಯಾದ ಹೂ ವೇಯೊಂಗನು ರಾಜದ್ರೋಹದ ಆರೋಪದಿಂದ ಕೊಲ್ಲಲ್ಪಟ್ಟನು. ಚಕ್ರವರ್ತಿಯು ಅಷ್ಟಕ್ಕೇ ತೃಪ್ತನಾಗಲಿಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಚೀನಾದೇಶದಲ್ಲಿ ನಡೆದುಬಂದಿದ್ದ ಪ್ರಧಾನಮಂತ್ರಿಯ ಪದವಿಯನ್ನೇ ತೆಗೆದುಹಾಕಿದನು. ಆರು ಇಲಾಖೆಗಳೂ ನೇರವಾಗಿ ತನಗೇ ಒಪ್ಪಿಸಬೇಕೆಂದು ಏರ್ಪಡಿಸಿದನು. ಈ ಪದವಿಯನ್ನು ಮತ್ತೆ ಸ್ಥಾಪಿಸಬೇಕೆಂದು ಮುಂದೆ ಯಾರಾದರೂ ಸೂಚಿಸಿದರೆ ಅಂಥವನಿಗೆ ಮರಣವೆಂದು ವಂಶಜರಿಗಾಗಿ ಬರೆದ ಕಟ್ಟಳೆಯಲ್ಲಿ ವಿಧಿಸಿದನು. ನಮ್ಮ ಅರ್ಥಶಾಸ್ತ್ರಕಾರರು ರಾಜ್ಯವನ್ನು ಏಳು ಅಂಗಗಳುಳ್ಳ ಶರೀರವೆಂದು ಭಾವಿಸಿ, ಸ್ವಾಮಿಯ ತರುವಾಯ ಅಮಾತ್ಯನನ್ನು ಎರಡನೆಯ ಅಂಗವಾಗಿ ಎಣಿಸಿದ್ದಾರೆ. ಹೊಂಗ್‌ವೂ ಚಕ್ರವರ್ತಿಯು ಆ ಎರಡನೆಯ ಅಂಗವನ್ನು ಕಡಿದುಹಾಕಿ ಅದರ ಕೆಲಸವನ್ನೂ ತಲೆಯಿಂದಲೇ ಮಾಡಿಸಲು ಹೊರಟನು. ಇದರ ಭಾರವೆಷ್ಟೆಂಬುದಕ್ಕೆ ಲೆಕ್ಕವು ಉಳಿದಿದೆ. 1384ರಲ್ಲಿ ಕೇವಲ ಎಂಟು ದಿನಗಳಲ್ಲಿ ಅವನ ಮುಂದೆ ಬಂದ ಬಿನ್ನವತ್ತಳೆಗಳು 1,660. ಅವುಗಳಲ್ಲಿ ತೀರ್ಮಾನಿಸಬೇಕಾಗಿದ್ದ ವಿಷಯಗಳು 3,391. ನಸುಕಿನಲ್ಲೆದ್ದು ರಾತ್ರಿಯವರೆಗೆ ದುಡಿಯುತ್ತಿದ್ದ ಅವನು ಈ ಹೊರೆಯನ್ನು ಹೊತ್ತನು. ಮುಂದೆ ಹುಟ್ಟುವ ಅರಸರೆಲ್ಲರೂ ತನ್ನಂತೆಯೇ ದುಡಿಯುವರೆಂದು ಭಾವಿಸಿದ್ದು ಅವನ ಭ್ರಮೆ.

ಹೂ ವೇಯೊಂಗನ ಒಳಸಂಚಿನಲ್ಲಿ ಭಾಗಿಗಳೆಂಬ ಹೆಸರಿನಲ್ಲಿ ಮುಂದಿನ ಹತ್ತುಹನ್ನೆರಡು ವರ್ಷಗಳಲ್ಲಿ ಸುಮಾರು 30,000 ಜನರು ಹತರಾದರೆಂದು ಚರಿತ್ರೆಗಳು ಹೇಳುತ್ತವೆ. ಯುವರಾಜನ ಗುರುವಾಗಿದ್ದ ವೃದ್ಧ ಸೊಂಗ್ ಲಿಯೆನನಿಗೂ ಮರಣದಂಡನೆಯಾಗುವುದರಲ್ಲಿತ್ತು. ಆಗ ಮಾ ಮಹಾರಾಣಿಯು ಪತಿಯೊಡನೆ ಊಟಕ್ಕೆ ಕುಳಿತು ಮದ್ಯಮಾಂಸಗಳನ್ನು ಮುಟ್ಟಲಿಲ್ಲ. ಕಾರಣವನ್ನು ಕೇಳಲು, ಮಕ್ಕಳ ಗುರುವಿಗಾಗಿ ವ್ರತದಲ್ಲಿರುವೆನೆಂದು ತಿಳಿಸಿದಳು. ಚಕ್ರವರ್ತಿಯ ಮನಸ್ಸು ಕರಗಿ, ಮುದುಕನಿಗೆ ಪ್ರಾಣದಾನವಾಗಿ ದೇಶಾಂತರದ ಶಿಕ್ಷೆಯಾಯಿತು. 1382ರಲ್ಲಿ ಆ ಸಾಧ್ವಿಯು ಕಾಯಿಲೆ ಬಿದ್ದಾಗ ವೈದ್ಯರ ಔಷಧವನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ತಾನು ಬದುಕದಿದ್ದರೆ ತನ್ನ ನಿಮಿತ್ತವಾಗಿ ವೈದ್ಯರು ದಂಡನೆಗೆ ಗುರಿಯಾಗುವರೆಂಬುದು ಅವಳ ಭಯ. ಗಂಡನನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವಳ ಮರಣದ ತರುವಾಯ ಹೊಂಗ್‌ವೂ ಮತ್ತೊಬ್ಬಳನ್ನು ಪಟ್ಟದರಾಣಿಯಾಗಿ ಮಾಡಲಿಲ್ಲ. ಅವನ ಕೈಯನ್ನು ಹಿಡಿದು ನಿಲ್ಲಿಸುವವರೂ ಇನ್ನಿರಲಿಲ್ಲ.

1390ರಲ್ಲಿ, ಮೊದಲಿನಿಂದಲೂ ಜತೆಗಿದ್ದ ಮಂತ್ರಿ ಲೀ ಶಾನ್‌ಚಾಂಗನು ಎಪ್ಪತ್ತೈದನ್ನು ಮೀರಿದ ವಯಸ್ಸಿನಲ್ಲಿ ಪ್ರಾಣವನ್ನು ತೊರೆಯಬೇಕಾಯಿತು. ಅವನ ಮನೆಯ 70ಕ್ಕೂ ಹೆಚ್ಚು ಜನರು ಕೊಲ್ಲಲ್ಪಟ್ಟರು. 1388ರಲ್ಲಿ ಮಂಗೋಲರನ್ನು ಅವರ ನಾಡಿನಲ್ಲಿಯೇ ಸೋಲಿಸಿ ಬಂದಿದ್ದ ಲಾನ್ ಯೂ ಸೇನಾನಿಯು 1393ರಲ್ಲಿ ಮಡಿದನು; ಅವನೊಡನೆ ಸುಮಾರು 15,000 ಜನ ಹತರಾದರು. ತಾನಾಗಿಯೇ ಸೇನಾಧಿಪತ್ಯವನ್ನು ಒಪ್ಪಿಸಿ ಊರಿಗೆ ಹೋಗಿ ಕುಳಿತ ತಾಂಗ್ ಹೇ ಬಾಲ್ಯಸ್ನೇಹಿತನ ರಾಜ್ಯದಲ್ಲಿ ಮುಪ್ಪಿನವರೆಗೆ ಬದುಕಿ ಹಾಸಿಗೆಯ ಮೇಲೆ ಸತ್ತನು.

ಇದರ ಮೇಲೆ ಒಂದು ಕಥೆಯು ಪ್ರಚಾರದಲ್ಲಿದೆ. ಮೃದುಸ್ವಭಾವದವನಾದ ಯುವರಾಜ ಜು ಬಿಯಾವೊ ಈ ಕೊಲೆಗಳನ್ನು ಕಂಡು ತಂದೆಗೆ ಬುದ್ಧಿಹೇಳಿದನು. ಚಕ್ರವರ್ತಿಯು ಮರುದಿನ ಒಂದು ಮುಳ್ಳಿನ ಕೋಲನ್ನು ನೆಲದ ಮೇಲೆ ಹಾಕಿಸಿ, ಅದನ್ನು ಹಿಡಿದೆತ್ತೆಂದು ಮಗನಿಗೆ ಅಪ್ಪಣೆಮಾಡಿದನು. ಯುವರಾಜನು ಹಿಂಜರಿಯಲು, ಮುಳ್ಳುಗಳನ್ನು ಸವರಿ ನಿನ್ನ ಕೈಗೆ ಕೋಲನ್ನು ಕೊಡುವುದಕ್ಕಾಗಿಯೇ ತಾನು ಹೀಗೆ ಮಾಡುತ್ತಿರುವೆನೆಂದು ತಂದೆಯು ಹೇಳಿದನಂತೆ. ಕಥೆ ನಿಜವಾಗಲಿ ಕಲ್ಪಿತವಾಗಲಿ, ಹೊಂಗ್‌ವೂವಿನ ಮನೋಗತವು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಬೇಸಾಯಗಾರನ ಮಗನಾದ ಅವನು ಒಂದು ಮಾತನ್ನು ಮರೆತನು. ಹೊಲಕ್ಕೆ ಬೇಲಿಯಾಗುವುದು ಮುಳ್ಳೇ.

ಮುಳ್ಳುಗಳನ್ನು ತೆಗೆದ ಮೇಲೆ ಅವನು ಕಟ್ಟಿದ ಬೇಲಿಯೆಂದರೆ ತನ್ನ ಗಂಡುಮಕ್ಕಳು. ಅವನಿಗೆ 26 ಗಂಡುಮಕ್ಕಳಿದ್ದರು. ಹೊರಗಿನವರನ್ನು ನಂಬದ ಅವನು ಸ್ವಂತ ರಕ್ತವನ್ನು ನಂಬಿ, ಹಿರಿಯ ಮಕ್ಕಳಿಗೆ ಗಡಿಸೀಮೆಗಳಲ್ಲಿ ಸೈನ್ಯವನ್ನು ಕೊಟ್ಟು ನಿಲ್ಲಿಸಿದನು. ಇದರಿಂದ ಮುಂದೆ ವಿಪತ್ತು ಬರುವುದೆಂದು 1376ರಲ್ಲಿ ಯೆ ಬೊಜೂ ಎಂಬ ಕೆಳದರ್ಜೆಯ ಅಧಿಕಾರಿಯೊಬ್ಬನು ಬರೆದುಕೊಂಡನು. ತಂದೆಮಕ್ಕಳ ನಡುವೆ ಭೇದವನ್ನುಂಟುಮಾಡುವನೆಂದು ಚಕ್ರವರ್ತಿಯು ಕನಲಿ ಅವನನ್ನು ಸೆರೆಗೆ ಹಾಕಿಸಲು, ಅವನು ಅಲ್ಲಿಯೇ ಸತ್ತನು. 1392ರಲ್ಲಿ ಯುವರಾಜನು ಅಕಾಲಮರಣವನ್ನು ಹೊಂದಿದನು. ಅವನ ಮಗನಾದ ಜು ಯುನ್‌ವೆನನು ಉತ್ತರಾಧಿಕಾರಿಯಾದನು. 1398ನೆಯ ಇಸವಿಯ ಜೂನ್ 24ರಲ್ಲಿ ಹೊಂಗ್‌ವೂ ಚಕ್ರವರ್ತಿಯು ಮೂವತ್ತು ವರ್ಷ ಆಳಿ ಕಾಲಾಧೀನನಾದನು.

ಮರುವರ್ಷವೇ ಯುದ್ಧವು ಮೊದಲಾಯಿತು. ಬೀಜಿಂಗಿನಲ್ಲಿದ್ದ ನಾಲ್ಕನೆಯ ಮಗ ಜು ದೀ ಅಣ್ಣನ ಮಗನ ಮೇಲೆ ದಂಡೆತ್ತಿ ಬಂದನು. ಅವನು ತೋರಿಸಿದ ಆಧಾರವು ತಂದೆಯ ಕಟ್ಟಳೆಯೇ. ಆಸ್ಥಾನದಲ್ಲಿ ದುಷ್ಟಮಂತ್ರಿಗಳು ಸೇರಿದರೆ, ಚಕ್ರವರ್ತಿಯ ಕರೆಯ ಮೇರೆಗೆ ರಾಜಕುಮಾರರು ಸೈನ್ಯದೊಡನೆ ಬಂದು ಅವರನ್ನು ನಿಗ್ರಹಿಸಬಹುದೆಂದು ಅದರಲ್ಲಿ ಬರೆದಿತ್ತು; ಕರೆಯ ಮಾತನ್ನು ಬಿಟ್ಟು ಉಳಿದದ್ದನ್ನು ಜು ದೀ ಹಿಡಿದುಕೊಂಡನು. ಹರೆಯದ ಚಕ್ರವರ್ತಿಯು ಅವನನ್ನೆದುರಿಸಬಲ್ಲ ದಂಡನಾಯಕರಿಗಾಗಿ ಸುತ್ತಲೂ ನೋಡಿದನು. ಅಜ್ಜನ ವೀರರಲ್ಲಿ ಕೆಲವರು ವಯಸ್ಸಾಗಿ ಸತ್ತಿದ್ದರು. ಉಳಿದವರನ್ನು ಅಜ್ಜನೇ ಕೊಲ್ಲಿಸಿದ್ದನು. ವೃದ್ಧನಾದ ಗೆಂಗ್ ಬಿಂಗ್‌ವೆನನು ಸೋತನು. ಅವನ ಬದಲಿಗೆ ಹೋದ ಲೀ ಜಿಂಗ್‌ಲೊಂಗನೂ ಸೋತನು. 1402ರ ಜುಲೈ ತಿಂಗಳಿನಲ್ಲಿ ನಾನ್‌ಜಿಂಗಿನ ಬಾಗಿಲು ತೆರೆಯಿತು, ಅರಮನೆಯು ಉರಿಯಿತು, ಯುನ್‌ವೆನನು ಏನಾದನೆಂಬುದು ಇಂದಿಗೂ ನಿರ್ಧಾರವಾಗಿಲ್ಲ. ಸುಮಾರು 35 ಕಿಲೋಮೀಟರು ಸುತ್ತಳತೆಯ ಗೋಡೆಯನ್ನು ಹೊಂಗ್‌ವೂ ರಾಜಧಾನಿಗೆ ಕಟ್ಟಿಸಿದ್ದನು. ಆ ಗೋಡೆಯು ಬೀಳಲಿಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು.

ಮಂತ್ರಿಯ ಪದವಿಯನ್ನು ತೆಗೆದದ್ದರ ಫಲವು ಇನ್ನೂ ನಿಧಾನವಾಗಿ ಕಾಣಿಸಿಕೊಂಡಿತು. ಅಂತಃಪುರದ ನಪುಂಸಕರು ರಾಜಕಾರ್ಯದಲ್ಲಿ ಕೈಹಾಕಿದರೆ ತಲೆದಂಡವೆಂದು ಹೊಂಗ್‌ವೂ ಕಬ್ಬಿಣದ ಹಲಗೆಯ ಮೇಲೆ ಬರೆಯಿಸಿ ಅರಮನೆಯಲ್ಲಿ ನಿಲ್ಲಿಸಿದ್ದನು. ಆದರೆ ದಿನಕ್ಕೆ ನೂರಾರು ಬಿನ್ನವತ್ತಳೆಗಳನ್ನು ಓದುವ ಚೈತನ್ಯವಿಲ್ಲದ ಅರಸರು ಬಂದಾಗ ಆ ಹೊರೆಯನ್ನು ಹೊರಲು ಯಾರಾದರೂ ಬೇಕಷ್ಟೆ! ಹೊರಗೆ ಅಧಿಕಾರವುಳ್ಳ ಮಂತ್ರಿಯಿಲ್ಲದಿರಲು, ಅಧಿಕಾರವು ಒಳಮನೆಯ ಸೇವಕರ ಕೈಸೇರಿತು. ಅವರಲ್ಲೊಬ್ಬನಾದ ವಾಂಗ್ ಜೆನ್ನನು ಆ ಕಬ್ಬಿಣದ ಹಲಗೆಯನ್ನೇ ಕಿತ್ತುಹಾಕಿಸಿದನೆಂದು ಹೇಳುತ್ತಾರೆ. ಅವನ ಮಾತನ್ನು ಕೇಳಿ ಯುದ್ಧಕ್ಕೆ ಹೊರಟ ಹೊಂಗ್‌ವೂವಿನ ವಂಶಜನು 1449ರಲ್ಲಿ ಮಂಗೋಲರ ಕೈಗೆ ಸೆರೆಸಿಕ್ಕಿದನು.

ಇಷ್ಟಾದರೂ ಮಿಂಗ್ ವಂಶವು 276 ವರ್ಷಗಳ ಕಾಲ ನಿಂತಿತೆಂಬುದನ್ನು ಮರೆಯಲಾಗದು. ಅದನ್ನು ನಿಲ್ಲಿಸಿದ್ದು ಸಂಶಯದಿಂದ ಮಾಡಿದ ಕೊಲೆಗಳಲ್ಲ. ಉತ್ತು ಬಿತ್ತಿದ ಹೊಲಗಳು, ಹೂಳೆತ್ತಿದ ಕೆರೆಗಳು, ಊರಿನ ಹಿರಿಯರ ನ್ಯಾಯ, ಬರೆದಿಟ್ಟ ಲೆಕ್ಕ, ಇವು ಅದಕ್ಕೆ ಆಧಾರವಾಗಿದ್ದವು. ಕಾಲಕ್ರಮದಲ್ಲಿ ಆ ಲೆಕ್ಕಗಳು ಸುಳ್ಳಾದವು, ಕಂದಾಯದ ಹೊರೆ ಹೆಚ್ಚಿತು, ಕ್ಷಾಮಗಳು ಬಂದವು. ಆಗ ಲೀ ಜಿಚೆಂಗನೆಂಬ ಮತ್ತೊಬ್ಬ ಬಡವನು ಹಸಿದವರನ್ನು ಕೂಡಿಸಿಕೊಂಡು ಬಂದು 1644ರಲ್ಲಿ ಬೀಜಿಂಗನ್ನು ಹಿಡಿದನು. ಕಡೆಯ ಮಿಂಗ್ ಚಕ್ರವರ್ತಿಯು ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣುಹಾಕಿಕೊಂಡನು. ಯುವಾನ್‌ಜಾಂಗನು ಹೆತ್ತವರನ್ನು ಹೂಳಿದ 1344ಕ್ಕೆ ಸರಿಯಾಗಿ ಮುನ್ನೂರು ವರ್ಷಗಳಾಗಿದ್ದವು.

ತಂದೆತಾಯಿಗಳ ಸಮಾಧಿಯನ್ನು ಹೊಂಗ್‌ವೂ ಮುಂದೆ ಭವ್ಯವಾಗಿ ಕಟ್ಟಿಸಿದನು. ಅಲ್ಲಿ ನಿಲ್ಲಿಸಬೇಕಾದ ಶಿಲಾಶಾಸನವನ್ನು ಆಸ್ಥಾನಪಂಡಿತರು ಅಲಂಕಾರಗಳಿಂದ ತುಂಬಿ ಬರೆದುಕೊಟ್ಟಾಗ ಅವನು ಅದನ್ನು ಒಪ್ಪಲಿಲ್ಲ. ಅಂತಹ ಬರವಣಿಗೆಯಿಂದ ಮಕ್ಕಳು ಮೊಮ್ಮಕ್ಕಳಿಗೆ ಬುದ್ಧಿ ಬಾರದೆಂದು ಹೇಳಿ, 1378ರಲ್ಲಿ ತಾನೇ ಮತ್ತೊಂದನ್ನು ಬರೆದನು. ಬರಗಾಲವನ್ನೂ, ನೆಲವಿದ್ದವನ ನಿಷ್ಠುರತೆಯನ್ನೂ, ನೆರೆಯವನ ಕನಿಕರವನ್ನೂ, ಹರಕು ಬಟ್ಟೆಯಲ್ಲಿ ಸುತ್ತಿದ ಶವಗಳನ್ನೂ, ತನ್ನ ಭಿಕ್ಷಾಟನೆಯನ್ನೂ ಅದರಲ್ಲಿ ಒಂದಿಷ್ಟೂ ಮರೆಮಾಚಲಿಲ್ಲ. ಫೆಂಗ್‌ಯಾಂಗಿನಲ್ಲಿ ಆ ಶಿಲೆಯು ಈಗಲೂ ನಿಂತಿದೆ. ತನ್ನ ಬಡತನವನ್ನು ಲೋಕದ ಮುಂದೆ ಹೀಗೆ ಒಪ್ಪಿಕೊಂಡ ಧೈರ್ಯವು ಯಾವ ಅರಸನಿಗೂ ಭೂಷಣವೇ. ಅಂತಹವನು ತನ್ನ ಸೇವಕರಲ್ಲಿ ಹತ್ತು ಜನರನ್ನಾದರೂ ಕಡೆಯವರೆಗೆ ನಂಬುವ ಧೈರ್ಯವನ್ನು ಪಡೆದಿದ್ದರೆ, ಅವನ ಮೊಮ್ಮಗನಿಗೆ ಆ ಗತಿ ಬಾರದೆ ಇರಬಹುದಾಗಿತ್ತು. ಪ್ರಜೆಗಳ ಹಸಿವನ್ನು ನೀಗಿಸುವುದು ರಾಜಧರ್ಮದ ಅರ್ಧಭಾಗ. ಆ ಕಾರ್ಯದಲ್ಲಿ ಜತೆಯಾಗಿ ದುಡಿದವರಿಗೆ ಅಭಯವನ್ನು ಕೊಡುವುದು ಉಳಿದರ್ಧ. ಹೊಂಗ್‌ವೂ ಚಕ್ರವರ್ತಿಯು ಮೊದಲನೆಯ ಅರ್ಧವನ್ನು ಸಾಧಿಸಿ ಎರಡನೆಯದರಲ್ಲಿ ಸೋತನೆಂಬುದೇ ಅವನ ಚರಿತ್ರೆಯ ಸಾರ.